ಟವರ್ ಪಕ್ಕದ ಮನೆ, ಟವರ್ ಇಲ್ಲದ ಊರು

ಹೊಸನಗರ ತಾಲ್ಲೂಕಿನ ನಗರದಿಂದ ಕೊಲ್ಲೂರಿಗೆ ಹೋಗುವ ದಾರಿಯ ನಿಟ್ಟೂರಿನ ಸುತ್ತ ಈಗ ಯಾರಾದರೂ ಮನೆ ಮಾರುವುದಿದ್ದರೆ ಮೂರು ಮಾತು ಹೇಳುತ್ತಾರೆ. ಬೇಸಿಗೆಯಲ್ಲೂ ಬಾವಿ ಬತ್ತುವುದಿಲ್ಲ. ಮಳೆಗಾಲದಲ್ಲೂ ಅಂಗಳದವರೆಗೆ ಜೀಪು ಬರುತ್ತದೆ. ಮನೆಯೊಳಗೇ ನೆಟ್‌ವರ್ಕ್ ಸಿಗುತ್ತದೆ. ಮೊದಲಿನ ಎರಡು ಮಾತು ಹಳೆಯವು. ಮೂರನೆಯದು ಸೇರಿಕೊಂಡು ಹೆಚ್ಚು ಕಾಲವಾಗಿಲ್ಲ. ಆದರೂ ಬೆಂಗಳೂರಿನಲ್ಲಿ ಕೆಲಸ ಮಾಡುತ್ತ ಊರಲ್ಲೊಂದು ನೆಲೆ ಬೇಕೆನ್ನುವವರು ಮೊದಲು ಕೇಳುವುದು ಅದನ್ನೇ.

ಹಾಗೆ ಕೇಳಿ ಬಂದವರೇ ಅಂಗಳದಲ್ಲಿ ನಿಂತು ತಲೆಯೆತ್ತಿದಾಗ ತೋಟದಾಚೆಯ ದಿಬ್ಬದ ಮೇಲೆ ಕಬ್ಬಿಣದ ಟವರ್ ಕಂಡರೆ ಮುಖ ಸಪ್ಪಗಾಗುತ್ತದೆ. ಇಷ್ಟು ಹತ್ತಿರ ಟವರ್ ಇದ್ದರೆ ಮಕ್ಕಳಿಗೆ ಏನಾದರೂ ಆದೀತೇ? ನಾಳೆ ಮಾರಬೇಕೆಂದರೆ ಯಾರು ತಗೊಳ್ಳುತ್ತಾರೆ? ಕೇಳುವುದರಲ್ಲಿ ತಪ್ಪೇನಿಲ್ಲ. ಜೀವಮಾನದ ಉಳಿತಾಯ ಹಾಕಿ ಮನೆ ಕೊಳ್ಳುವವರಿಗೆ ಸರಿಯಾದ ಉತ್ತರ ಸಿಗಬೇಕು. ಆದರೆ ಸಾಲುಮನೆಗಳ ಬಡಾವಣೆಗೆ ಹೊಂದುವ ಉತ್ತರ ಈ ಘಟ್ಟದಂಚಿನ ಊರುಗಳಿಗೆ ಹೊಂದುವುದಿಲ್ಲ. ಇಲ್ಲಿಯ ನೆಲವೇ ಬೇರೆ.

ನಿಟ್ಟೂರಿನ ನೆತ್ತಿಯ ಮೇಲೆ 1,343 ಮೀಟರ್ ಎತ್ತರದ ಕೊಡಚಾದ್ರಿಯಿದೆ. ಅದರ ಸುತ್ತ ಮಡಿಕೆ ಮಡಿಕೆಯಾಗಿ ಇಳಿಯುವ ಗುಡ್ಡಗಳು, ನಡುವೆ ಹಳ್ಳದ ಎರಡು ಬದಿಗೆ ಅಡಿಕೆ ತೋಟ, ತೋಟದ ತಲೆಯಲ್ಲಿ ಒಂದು ಮನೆ. ಇನ್ನೊಂದು ಮನೆ ಕೂಗಳತೆಯಾಚೆ. ನೀರು ಮತ್ತು ತೋಟ ನೋಡಿಕೊಂಡು ಹಿರಿಯರು ಕಣಿವೆಯ ಬುಡದಲ್ಲಿ ಮನೆ ಕಟ್ಟಿದರು. ರೇಡಿಯೊ ಅಲೆಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧ: ಟವರ್ ಮತ್ತು ಮನೆಯ ನಡುವೆ ನೇರ ನೋಟ. ನಡುವೆ ಒಂದು ಗುಡ್ಡ ಬಂದರೆ ಒಂದೇ ಕಿಲೊಮೀಟರ್ ದೂರದ ಮನೆಗೂ ಸಿಗ್ನಲ್ ಮುಟ್ಟುವುದಿಲ್ಲ. ಮಳೆಯಲ್ಲಿ ತೊಯ್ದ ದಟ್ಟ ಎಲೆ ಅಳಿದುಳಿದ ಸಿಗ್ನಲನ್ನೂ ಹೀರುತ್ತದೆ. ಹುಲಿಕಲ್, ಮಾಸ್ತಿಕಟ್ಟೆ ಕಡೆ ವರ್ಷಕ್ಕೆ 5,000 ಮಿಲಿಮೀಟರ್ ದಾಟಿ ಮಳೆ ಬೀಳುವ ಸೀಮೆಯಿದು. ಬಯಲುಸೀಮೆಯಲ್ಲಿ ಒಂದು ಟವರ್ ಹತ್ತಾರು ಹಳ್ಳಿಗೆ ಸಾಕಾದರೆ ಇಲ್ಲಿ ಒಂದು ಕಣಿವೆಗೇ ಒಂದು ಬೇಕು. ಮನೆಗಳು ಕಡಿಮೆ, ಗಿರಾಕಿಗಳು ಕಡಿಮೆ. ಖಾಸಗಿ ಕಂಪನಿಗಳಿಗೆ ಲಾಭವಿಲ್ಲ. ಜತೆಗೆ ಕಾಡು, ಅಭಯಾರಣ್ಯ, ಅರಣ್ಯ ಇಲಾಖೆಯ ಅನುಮತಿ.

ಹೀಗಾಗಿ ಸಂಪರ್ಕಕ್ಕಾಗಿ ಹೆಣಗುವುದು ಈ ಕಡೆಯವರಿಗೆ ಹೊಸದಲ್ಲ. ದೂರದರ್ಶನ ಬಂದಾಗ ಅಡಿಕೆ ದಬ್ಬೆ ಕಟ್ಟಿ ಆಂಟೆನಾ ಏರಿಸಿದರು. ಬಿಎಸ್‌ಎನ್‌ಎಲ್‌ನ ತಂತಿರಹಿತ ಡಬ್ಲ್ಯುಎಲ್‌ಎಲ್ ಫೋನು ಬಂದಾಗ ಅದಕ್ಕೂ ಒಂದು ಕಂಬ ಎದ್ದಿತು. ಮೊಬೈಲ್ ಬಂದ ಮೇಲೆ ಪ್ರತಿ ಊರಿನಲ್ಲೂ ಸಿಗ್ನಲ್ ಸಿಗುವ ಒಂದು ಬಂಡೆ, ಒಂದು ತಿರುವು, ಒಂದು ಗುಡ್ಡದ ನೆತ್ತಿ ಹುಟ್ಟಿಕೊಂಡಿತು. ಕೋವಿಡ್ ಕಾಲದಲ್ಲಿ ಆ ಜಾಗಗಳೇ ಶಾಲೆಯಾದವು. 2021ರ ಜೂನ್‌ನಲ್ಲಿ ದಕ್ಷಿಣ ಕನ್ನಡದ ಸುಳ್ಯ ತಾಲ್ಲೂಕಿನ ಬಳ್ಳಕದಲ್ಲಿ, ಸುರಿವ ಮಳೆಯಲ್ಲಿ ರಸ್ತೆ ಬದಿ ಕೂತು ಪಾಠ ಕೇಳುವ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರ ದೇಶದ ತುಂಬ ಹರಿದಾಡಿತು. ಘಟ್ಟದ ಮೇಲಿನ ಊರುಗಳಲ್ಲೂ ಮಕ್ಕಳ ಪಾಡು ಅದೇ ಆಗಿತ್ತು. ಅದೇ ವರ್ಷ ಸಾಗರ ತಾಲ್ಲೂಕಿನ ಶರಾವತಿ ಹಿನ್ನೀರಿನಾಚೆಯ ಕರೂರು–ಬಾರಂಗಿ ಹೋಬಳಿಗಳ ಜನ ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಎಂದು ಚಳವಳಿ ಹೂಡಿದರು. ನಾಡಿಗೆ ಬೆಳಕು ಕೊಡುವ ಲಿಂಗನಮಕ್ಕಿ ಅಣೆಕಟ್ಟಿಗಾಗಿ ಮನೆ, ಗದ್ದೆ ಮುಳುಗಿಸಿಕೊಂಡವರ ಮಕ್ಕಳು, ಮೊಮ್ಮಕ್ಕಳು ಅವರು. ಒಂದು ಫೋನ್ ಕರೆಗಾಗಿ ಮತದಾನ ಬಿಡುತ್ತೇವೆ ಎನ್ನುವ ಹಂತಕ್ಕೆ ಅವರನ್ನು ತಳ್ಳಿದ್ದು ನಮ್ಮೆಲ್ಲರಿಗೂ ನಾಚಿಕೆಯ ಸಂಗತಿ.

ಇದು ಹರಟೆಯ ಫೋನಿನ ಪ್ರಶ್ನೆಯಲ್ಲ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಅಕ್ಕಿ ಸಿಗಬೇಕಾದರೂ ನೆಟ್‌ವರ್ಕ್ ಬೇಕು. ಉದ್ಯೋಗ ಖಾತರಿ ಕೂಲಿಗಾರರ ಹಾಜರಿ 2023ರ ಜನವರಿಯಿಂದ ಮೊಬೈಲ್ ಆ್ಯಪ್‌ನಲ್ಲೇ ದಾಖಲಾಗಬೇಕೆಂದು ಕಡ್ಡಾಯವಾಯಿತು. ಅದೇ ವರ್ಷ ಗೃಹಲಕ್ಷ್ಮಿ ನೋಂದಣಿ ಬಂದಾಗ ಒಟಿಪಿಗಾಗಿ ಕಾದು ಕೂತ ಹೆಂಗಸರಿಗೆ ಇದರ ಬೆಲೆ ಗೊತ್ತು. ಮಕ್ಕಳೆಲ್ಲ ಊರು ಬಿಟ್ಟು ವಯಸ್ಸಾದ ಗಂಡ ಹೆಂಡತಿ ಇಬ್ಬರೇ ಇರುವ ಒಂಟಿ ಮನೆಗಳು ಈ ಭಾಗದಲ್ಲಿ ಎಷ್ಟೋ ಇವೆ. ನಡುರಾತ್ರಿ ಎದೆ ಹಿಡಿದುಕೊಂಡರೆ 108ಕ್ಕೆ ಕರೆ ಹೋಗಬೇಕಲ್ಲ? ಟವರ್ ಪಕ್ಕದ ಮನೆಯ ಅಪಾಯವನ್ನು ಲೆಕ್ಕ ಹಾಕುವವರು ಟವರ್ ಇಲ್ಲದ ಮನೆಯ ಅಪಾಯವನ್ನೂ ಅದೇ ಪುಟದಲ್ಲಿ ಬರೆದುಕೊಳ್ಳಬೇಕು.

ಕೇಂದ್ರ ಸಂಪುಟ 2022ರ ಜುಲೈ 27ರಂದು ದೇಶದ 24,680 ನೆಟ್‌ವರ್ಕ್‌ರಹಿತ ಹಳ್ಳಿಗಳಿಗೆ 4ಜಿ ಕೊಡಲು 26,316 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಹೊಣೆ ಬಿಎಸ್‌ಎನ್‌ಎಲ್‌ನದು. ಇಂಥ ಯೋಜನೆಗಳಿಂದ ಮಲೆನಾಡಿನ ಮೂಲೆಗಳಲ್ಲಿ ಹೊಸ ಟವರ್‌ಗಳು ಏಳುತ್ತಿವೆ. ಹಾಗಾಗಿ ಟವರ್ ಪಕ್ಕದ ಮನೆ ಎನ್ನುವ ಪ್ರಶ್ನೆ ಇನ್ನು ಮುಂದೆ ಇಲ್ಲಿ ಹೆಚ್ಚುತ್ತಲೇ ಹೋಗುತ್ತದೆ.

ಈಗ ವಿಕಿರಣದ ವಿಷಯ. ಎಕ್ಸ್‌ರೇ ಅಥವಾ ಅಣು ವಿಕಿರಣಕ್ಕೆ ಅಣುವಿನಿಂದ ಎಲೆಕ್ಟ್ರಾನ್ ಕಿತ್ತೆಸೆಯುವ, ಡಿಎನ್‌ಎ ಮುರಿಯುವ ಶಕ್ತಿಯಿದೆ. ಮೊಬೈಲ್ ಅಲೆಗೆ ಅದಿಲ್ಲ. ಅದರ ಖಚಿತವಾಗಿ ಗೊತ್ತಿರುವ ಪರಿಣಾಮ ಬಿಸಿ. ಬಿಸಿಯಾಗುವ ಮಟ್ಟಕ್ಕಿಂತ ಬಹಳ ಕೆಳಗೆ ಅಂತರರಾಷ್ಟ್ರೀಯ ಆಯೋಗವೊಂದು ಮಿತಿ ಹಾಕಿದೆ. ಭಾರತ ಅದನ್ನೂ ಹತ್ತರಲ್ಲೊಂದು ಪಾಲಿಗೆ ಇಳಿಸಿತು. 2012ರ ಸೆಪ್ಟೆಂಬರ್ 1ರಿಂದ ನಮ್ಮಲ್ಲಿ 900 ಮೆಗಾಹರ್ಟ್ಸ್ ಅಲೆಗೆ ಚದರ ಮೀಟರಿಗೆ 0.45 ವಾಟ್, 1,800ಕ್ಕೆ 0.9 ವಾಟ್ ಮಿತಿ.

ಈ ಅಂಕಿ ನೆಲದ ಮೇಲೆ ಏನಾಗುತ್ತದೆ ನೋಡಿ. ಟವರಿನ ಒಂದು ಪ್ರಸಾರ ಸಾಧನದ ಬಲ ಸಾಮಾನ್ಯವಾಗಿ 20 ವಾಟ್ ಎಂದಿಟ್ಟುಕೊಳ್ಳೋಣ. ಆಂಟೆನಾ ಅದನ್ನು ಎಲ್ಲ ಕಡೆಗೂ ಚೆಲ್ಲದೆ, ಟಾರ್ಚಿನಂತೆ ಒಂದು ದಿಕ್ಕಿಗೆ ಕೂಡಿಸಿ ಬಿಡುವುದರಿಂದ ಆ ದಿಕ್ಕಿನಲ್ಲಿ ಅದಕ್ಕೆ ಸುಮಾರು 1,000 ವಾಟ್‌ನ ಪ್ರಭಾವ ಬರುತ್ತದೆ. ನೇರ ಎದುರಿಗೆ 50 ಮೀಟರ್ ದೂರದಲ್ಲಿ ಲೆಕ್ಕ ಹಾಕಿದರೆ ಚದರ ಮೀಟರಿಗೆ 0.03 ವಾಟ್. 900 ಮೆಗಾಹರ್ಟ್ಸ್‌ಗೆ ಇರುವ ನಮ್ಮ ಮಿತಿಯ ಹದಿನಾಲ್ಕನೇ ಒಂದು ಪಾಲಿನಷ್ಟು. ದೂರ ಎರಡರಷ್ಟಾದರೆ ಬಲ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಕಂಪನಿಗಳು, ಆಂಟೆನಾಗಳು ಹೆಚ್ಚಿದಂತೆ ಒಟ್ಟು ಮೊತ್ತ ಏರುತ್ತದೆ ನಿಜ. ಆದರೆ ಅಲೆ ಹೋಗುವುದು ಬಹುಪಾಲು ಅಡ್ಡಕ್ಕೆ, ಕೆಲವೇ ಡಿಗ್ರಿ ಕೆಳಮುಖವಾಗಿ. ಹಾಗಾಗಿ ಟವರಿನ ಬುಡದಲ್ಲಿರುವ ಮನೆಗೆ ಅದು ತಟ್ಟುವುದು ತೀರ ಕಡಿಮೆ.

ಮಲೆನಾಡಿನವರು ಗಮನ ಕೊಡಬೇಕಾದದ್ದು ಈ ಅಡ್ಡ ಹಾದಿಗೇ. ಸಮತಟ್ಟಾದ ಊರಿನಲ್ಲಿ 40 ಮೀಟರ್ ಟವರಿನ ಅಲೆ ಮನೆಗಳ ನೆತ್ತಿಯ ಮೇಲಿಂದ ಹಾಯ್ದು ದೂರದಲ್ಲಿ ನೆಲ ಮುಟ್ಟುತ್ತದೆ. ನಮ್ಮಲ್ಲಿ ಟವರ್ ಹಳ್ಳದ ಬದಿಯ ದಿಬ್ಬದಲ್ಲಿದ್ದು, ಮನೆ ಎದುರಿನ ಏರಿನಲ್ಲಿ ಆಂಟೆನಾದಷ್ಟೇ ಎತ್ತರದಲ್ಲಿದ್ದರೆ ಅಲೆ ನೇರ ಜಗಲಿಗೇ ಬರುತ್ತದೆ. ಅಂಥಲ್ಲಿ ‘ಎಷ್ಟು ದೂರ’ ಎಂದಷ್ಟೇ ಕೇಳಿದರೆ ಸಾಲದು, ‘ಎಷ್ಟು ಎತ್ತರ’ ಎಂದೂ ಕೇಳಬೇಕು. ದೂರಸಂಪರ್ಕ ಇಲಾಖೆಯ ಮಾರ್ಗಸೂಚಿಯೂ ಆಂಟೆನಾದ ನೇರ ಎದುರಿಗೆ, ಅದೇ ಎತ್ತರದಲ್ಲಿ ಬರುವ ಕಟ್ಟಡಗಳಿಗೆ ಅಂತರ ಹೇಳುತ್ತದೆ: ಒಂದು ಆಂಟೆನಾ ಇದ್ದರೆ 20 ಮೀಟರ್, ಎರಡಿದ್ದರೆ 35, ಆರಿದ್ದರೆ 55, ಹನ್ನೆರಡಿದ್ದರೆ 75. ಒಂಟಿ ಮನೆಗಳ ಈ ಸೀಮೆಯಲ್ಲಿ ಅಷ್ಟು ಅಂತರ ಸಿಗುವುದು ಕಷ್ಟವೇನಲ್ಲ. ಸಿಗದಿದ್ದರೆ ಆ ಮನೆ ಬೇಡ.

ಸಂಶಯ ಉಳಿದರೆ ಅಳತೆ ಮಾಡಿಸಬಹುದು. 2017ರಲ್ಲಿ ದೂರಸಂಪರ್ಕ ಇಲಾಖೆ ಶುರುಮಾಡಿದ ‘ತರಂಗ ಸಂಚಾರ್’ ಜಾಲತಾಣದಲ್ಲಿ ಯಾವ ಜಾಗದ ಸುತ್ತ ಯಾವ ಟವರ್‌ಗಳಿವೆ, ಅವು ಮಿತಿಯೊಳಗಿವೆಯೇ ಎಂಬುದು ಸಿಗುತ್ತದೆ. 4,000 ರೂಪಾಯಿ ಶುಲ್ಕ ಕಟ್ಟಿದರೆ ಇಲಾಖೆಯವರೇ ಬಂದು ಅಳೆದು ವರದಿ ಕೊಡುವ ವ್ಯವಸ್ಥೆ ಅದರಲ್ಲಿದೆ. ಲಕ್ಷಗಟ್ಟಲೆ ಸುರಿಯುವ ವ್ಯವಹಾರದಲ್ಲಿ ಇದು ದೊಡ್ಡ ಮೊತ್ತವಲ್ಲ. ಅವರಿವರ ಬಾಯಿಮಾತಿಗಿಂತ ಕೈಯಲ್ಲಿರುವ ಅಳತೆ ಮೇಲು.

ಕ್ಯಾನ್ಸರ್ ಮಾತಿಗೆ ಬಂದರೆ, 2011ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ ಈ ಅಲೆಗಳನ್ನು ‘ಬಹುಶಃ ಕಾರಣವಾಗಬಹುದಾದ’ ವಸ್ತುಗಳ 2ಬಿ ಗುಂಪಿಗೆ ಸೇರಿಸಿತು. ಭಯದ ಮೂಲ ಬಹುಮಟ್ಟಿಗೆ ಇದೇ. ಆ ತೀರ್ಮಾನಕ್ಕೆ ಮುಖ್ಯ ಆಧಾರವಾದದ್ದು ಕಿವಿಗೆ ಒತ್ತಿ ಹಿಡಿದ ಫೋನಿನ ಅಧ್ಯಯನಗಳು ಎಂಬುದು ಮಾತ್ರ ಜನರಿಗೆ ತಲುಪಲಿಲ್ಲ. ಟವರಿನದೇ ಅಧ್ಯಯನ ಬೇಕೆಂದರೆ 2010ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದದ್ದಿದೆ. ಕ್ಯಾನ್ಸರ್ ಬಂದ 1,397 ಚಿಕ್ಕ ಮಕ್ಕಳನ್ನೂ ಬಾರದ 5,588 ಮಕ್ಕಳನ್ನೂ ಹೋಲಿಸಿ, ಅವರು ಹೊಟ್ಟೆಯಲ್ಲಿದ್ದಾಗ ತಾಯಿ ಟವರಿನಿಂದ ಎಷ್ಟು ದೂರ ಇದ್ದಳು ಎಂದು ನೋಡಿದರು. ಸಂಬಂಧ ಕಾಣಲಿಲ್ಲ. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಮಾಡಿಸಿದ, 63 ಅಧ್ಯಯನಗಳನ್ನು ಜರಡಿ ಹಿಡಿದ ಪರಿಶೀಲನೆಯೂ ಫೋನ್ ಬಳಕೆಗೂ ಮಿದುಳಿನ ಕ್ಯಾನ್ಸರಿಗೂ ನಂಟು ಕಾಣದೆಯೇ ಮುಗಿಯಿತು. ವಿಜ್ಞಾನ ಯಾವುದನ್ನೂ ನೂರಕ್ಕೆ ನೂರು ಎಂದು ಹೇಳುವುದಿಲ್ಲ. ಆದರೆ ಇಷ್ಟನ್ನೂ ಓದಿದ ಮೇಲೆ, ವಿಕಿರಣವೊಂದಕ್ಕೇ ಹೆದರಿ ಒಳ್ಳೆಯ ಮನೆ ಬಿಡಬೇಕಿಲ್ಲ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಇನ್ನೊಂದು ಸಂಗತಿ ಹಲವರಿಗೆ ಗೊತ್ತಿಲ್ಲ. ಸಿಗ್ನಲ್ ದುರ್ಬಲವಾದಷ್ಟೂ ನಮ್ಮ ಕೈಯಲ್ಲಿರುವ ಫೋನು ಟವರನ್ನು ಮುಟ್ಟಲು ತನ್ನ ಬಲ ಏರಿಸಿಕೊಳ್ಳುತ್ತದೆ. ಟವರ್ ಹತ್ತಿರವಿದ್ದರೆ ಮೆಲ್ಲಗೆ ಮಾತಾಡುತ್ತದೆ. ಒಂದೇ ಗೆರೆಯ ಸಿಗ್ನಲ್ ಹಿಡಿದು ಗುಡ್ಡದ ಮೇಲೆ ನಿಂತು ಅರ್ಧ ಗಂಟೆ ಮಾತಾಡುವವರ ತಲೆಗೆ ತಟ್ಟುವ ಅಲೆ, ಟವರಿನ ನೂರು ಮೀಟರ್ ದೂರದ ಮನೆಯವರಿಗೆ ತಟ್ಟುವುದಕ್ಕಿಂತ ಹೆಚ್ಚು. ಬ್ಯಾಟರಿ ಬೇಗ ಖಾಲಿಯಾಗುವುದೂ ಇದರಿಂದಲೇ.

ಜೇನಿನ ಮಾತನ್ನೂ ಇಲ್ಲಿ ಆಡಲೇಬೇಕು. ಟವರ್ ಬಂದ ಮೇಲೆ ತುಡುವೆ ಜೇನು ಹೋಯಿತು ಎನ್ನುವುದನ್ನು ಮಲೆನಾಡಿನಲ್ಲಿ ಎಲ್ಲೆಡೆ ಕೇಳುತ್ತೇವೆ. ದಕ್ಷಿಣ ಭಾರತದ ತುಡುವೆ ಪೆಟ್ಟಿಗೆಗಳು ಸಾಲುಸಾಲಾಗಿ ಬರಿದಾದದ್ದು 1991–92ರ ಸುಮಾರಿಗೆ, ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗದಿಂದ. ಭಾರತದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು. ಹಾಗೆಂದು ಹಕ್ಕಿ, ಹುಳುಗಳ ಚಿಂತೆಯನ್ನು ತಳ್ಳಿಹಾಕುವಂತಿಲ್ಲ. ಪರಿಸರ ಸಚಿವಾಲಯವೇ ತಜ್ಞರ ಸಮಿತಿ ಮಾಡಿ, 2012ರಲ್ಲಿ, ಈಗಾಗಲೇ ಇರುವ ಟವರಿನ ಒಂದು ಕಿಲೊಮೀಟರ್ ಒಳಗೆ ಇನ್ನೊಂದಕ್ಕೆ ಅವಕಾಶ ಬೇಡ ಎಂಬ ಸಲಹೆ ಕೊಟ್ಟಿತ್ತು. ಒಂದೇ ಟವರನ್ನು ಹಲವು ಕಂಪನಿಗಳು ಹಂಚಿಕೊಂಡರೆ ಕಾಡಿನಂಚಿನ ಊರುಗಳಿಗೆ ಒಳ್ಳೆಯದು.

ಕೋರ್ಟಿನ ಉದಾಹರಣೆ ಕೊಡುವವರೂ ಇದ್ದಾರೆ. 2017ರಲ್ಲಿ ಸುಪ್ರೀಂ ಕೋರ್ಟ್ ಗ್ವಾಲಿಯರ್‌ನಲ್ಲಿ, ಕ್ಯಾನ್ಸರ್ ಪೀಡಿತ ಮನೆಗೆಲಸದವರೊಬ್ಬರ ಅರ್ಜಿಯ ಮೇಲೆ ಒಂದು ಟವರನ್ನು ನಿಲ್ಲಿಸಲು ಹೇಳಿದ್ದು ನಿಜ. ಆ ಆದೇಶ ಆ ಒಂದು ಟವರಿಗೆ ಸೀಮಿತ. ಟವರ್ ಪಕ್ಕದ ಮನೆಗಳಿಗೆಲ್ಲ ಅದನ್ನು ಅನ್ವಯಿಸಲಾಗದು.

ಹಾಗಾದರೆ ಹೆದರಬೇಕಾದದ್ದು ಯಾವುದಕ್ಕೆ? ಮೊದಲನೆಯದು ಧರೆ. ಗುಡ್ಡದ ಮೇಲೆ ಟವರ್ ಹಾಕಲು ಜೆಸಿಬಿ ತಂದು ಜಾಗ ಮಟ್ಟ ಮಾಡುತ್ತಾರೆ, ಏರುವ ದಾರಿ ಕಡಿಯುತ್ತಾರೆ. ಹಿಂದೆ ಹಸಿರು ಹೊದಿಕೆಯಲ್ಲಿ ಇಂಗುತ್ತಿದ್ದ ನೀರು ಈಗ ಹೊಸ ದಾರಿ ಹಿಡಿಯುತ್ತದೆ. ಅದು ನಿಮ್ಮ ಹಿತ್ತಲಿನ ಧರೆಯ ಕಡೆಗೆ ಇಳಿದರೆ ಆಷಾಢದ ಒಂದು ರಾತ್ರಿ ಮಣ್ಣು ಕೊಟ್ಟಿಗೆಗೆ ಬರಬಹುದು. ಟವರಿನ ಬುಡದವರೆಗೆ ಹತ್ತಿ, ಚರಂಡಿ ಎತ್ತ ಹೋಗುತ್ತದೆ, ಕಡಿದ ಧರೆಗೆ ಕಲ್ಲು ಕಟ್ಟಿದ್ದಾರೆಯೇ ಎಂದು ಕಣ್ಣಾರೆ ನೋಡಬೇಕು. ವಿಕಿರಣದ ಬಗ್ಗೆ ಹತ್ತು ಪ್ರಶ್ನೆ ಕೇಳುವವರು ಇದನ್ನು ನೋಡದೆ ಮುಂಗಡ ಕೊಡುವುದು ನನಗೆ ಆತಂಕ ಹುಟ್ಟಿಸುತ್ತದೆ. ಗಾಳಿಯಲ್ಲಿ ಟವರ್ ಬಿದ್ದರೆ ಮುಟ್ಟುವಷ್ಟು ದೂರದೊಳಗೆ ಮಲಗುವ ಕೋಣೆ ಇರಬಾರದು ಎಂಬುದನ್ನು ಹೇಳಬೇಕಾಗಿಯೇ ಇಲ್ಲ.

ಎರಡನೆಯದು ಸದ್ದು. ಕರೆಂಟು ಹೋದಾಗ ಟವರಿನ ಡೀಸೆಲ್ ಜನರೇಟರ್ ಶುರುವಾಗುತ್ತದೆ. ನಿಯಮದಂತೆ ಅದರ ಪೆಟ್ಟಿಗೆಯಿಂದ ಒಂದು ಮೀಟರ್ ದೂರದಲ್ಲಿ ಸದ್ದು 75 ಡೆಸಿಬೆಲ್ ಮೀರಬಾರದು. ವಸತಿ ಪ್ರದೇಶದಲ್ಲಿ ರಾತ್ರಿಯ ಮಿತಿ 45 ಡೆಸಿಬೆಲ್. ಮೆಸ್ಕಾಂ ಲೈನಿನ ಮೇಲೆ ಮರ ಬಿದ್ದು ದಿನಗಟ್ಟಲೆ ಕರೆಂಟಿಲ್ಲದ ಊರಿನಲ್ಲಿ ಆ ಗುಡುಗುಡು, ಆ ಹೊಗೆ ಯಾವ ಕಡೆ ಬರುತ್ತದೆ ಎಂಬುದು ನಿದ್ದೆಯ ಪ್ರಶ್ನೆ.

ಮೂರನೆಯದು ಸಿಡಿಲು. ಎತ್ತರದ ಕಬ್ಬಿಣಕ್ಕೆ ಸಿಡಿಲು ಬಡಿಯುತ್ತದೆ; ಅದನ್ನು ಭೂಮಿಗೆ ಇಳಿಸುವ ಏರ್ಪಾಡು ಟವರಿನಲ್ಲಿರುತ್ತದೆ. ಆದರೆ ಟವರಿಗೂ ಮನೆಗೂ ಒಂದೇ ಟ್ರಾನ್ಸ್‌ಫಾರ್ಮರ್ ಇದ್ದರೆ ತಂತಿಯ ಮೂಲಕ ಹರಿದ ಹೊಡೆತಕ್ಕೆ ಫ್ರಿಜ್, ಟಿವಿ, ಮೋಡೆಮ್ ಸುಟ್ಟುಹೋಗಬಹುದು. ಮನೆಗೆ ಬೇರೆಯೇ ಗಟ್ಟಿ ಅರ್ಥಿಂಗ್, ಮೀಟರ್ ಬೋರ್ಡಿನಲ್ಲಿ ಸರ್ಜ್ ಪ್ರೊಟೆಕ್ಟರ್ ಹಾಕಿಸುವ ಖರ್ಚನ್ನು ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಟವರ್ ನೀವು ಕೊಳ್ಳುವ ಜಾಗದಲ್ಲೇ ಇದ್ದರೆ ಕಾಗದಪತ್ರದ ಕೆಲಸ ಹೆಚ್ಚು. ಒಂದು ವರ್ಷ ಮೀರಿದ ಗುತ್ತಿಗೆ ಕಾನೂನಿನಂತೆ ನೋಂದಣಿಯಾಗಿರಲೇಬೇಕು, ಆದ್ದರಿಂದ ಅದು ಋಣಭಾರ ಪತ್ರದಲ್ಲಿ ಕಾಣಬೇಕು. ಕಾಣದಿದ್ದರೆ ಯಾಕೆಂದು ಕೇಳಿ. ಮಾಲೀಕ ಬದಲಾದರೂ ಗುತ್ತಿಗೆ ಬದಲಾಗುವುದಿಲ್ಲ; 1882ರ ಆಸ್ತಿ ವರ್ಗಾವಣೆ ಕಾಯ್ದೆಯಂತೆ ಬಾಡಿಗೆ ಪಡೆಯುವ ಹಕ್ಕು, ಒಪ್ಪಂದದ ಕಟ್ಟುಪಾಡು ಎರಡೂ ಕೊಂಡವರಿಗೆ ಬರುತ್ತವೆ. ಇನ್ನೆಷ್ಟು ವರ್ಷ ಉಳಿದಿದೆ, ನಡುವೆ ಬಿಡಿಸುವ ಹಕ್ಕು ಯಾರಿಗಿದೆ, ಮುಗಿದ ಮೇಲೆ ಕಾಂಕ್ರೀಟ್ ಬುಡ ಕಿತ್ತು ಕೊಡುವವರು ಯಾರು ಎಂಬುದನ್ನು ಒಪ್ಪಂದದಲ್ಲಿ ಓದಬೇಕು. ಪಹಣಿಯಲ್ಲಿ ಆ ಜಾಗ ಕೃಷಿ ಜಮೀನೆಂದೇ ಇದ್ದು ಭೂಪರಿವರ್ತನೆ ಆಗಿಲ್ಲದಿದ್ದರೆ ಮುಂದಿನ ತೊಡಕು ನಿಮ್ಮದಾಗುತ್ತದೆ. ಸರ್ಕಾರಿ ಜಾಗದಲ್ಲಿ ಕಟ್ಟಿ, 94ಸಿ ಅಡಿ ಸಕ್ರಮವಾದ ಹಕ್ಕುಪತ್ರದ ಮನೆಯಾದರೆ ಮಾರಾಟದ ಷರತ್ತುಗಳನ್ನು ವಕೀಲರಿಗೆ ತೋರಿಸದೆ ಮುಂದೆ ಹೋಗಬೇಡಿ. ಈಗ ಟವರ್ ಇಲ್ಲ, ಮುಂದೆ ಪಕ್ಕದ ಜಾಗದಲ್ಲಿ ಬಂದರೆ ಪಂಚಾಯಿತಿ ತಡೆಯುತ್ತದೆ ಎಂದು ನಂಬಿ ಕೂರುವುದೂ ಬೇಡ. ಖಾಸಗಿ ಜಾಗದಲ್ಲಿ ಟವರ್ ಹಾಕಲು ಸ್ಥಳೀಯ ಆಡಳಿತದ ಅನುಮತಿ ಬೇಕಿಲ್ಲ, ಮುಂಚಿತವಾಗಿ ಬರೆದು ತಿಳಿಸಿದರೆ ಸಾಕು ಎಂದು ಕೇಂದ್ರದ ‘ರೈಟ್ ಆಫ್ ವೇ’ ನಿಯಮಗಳ 2022ರ ತಿದ್ದುಪಡಿ ಹೇಳಿತ್ತು.

‘ನಿಮ್ಮ ಜಾಗದಲ್ಲಿ ಟವರ್ ಹಾಕುತ್ತೇವೆ, ಲಕ್ಷ ಲಕ್ಷ ಮುಂಗಡ, ತಿಂಗಳಿಗೆ ಬಾಡಿಗೆ, ಮನೆಯವರೊಬ್ಬರಿಗೆ ಕೆಲಸ, ಮೊದಲು ನೋಂದಣಿ ಶುಲ್ಕ ಕಟ್ಟಿ’ ಎಂಬ ಕರೆ, ಸಂದೇಶ ಬಂದರೆ ಅದು ಮೋಸ. ಟವರ್ ಹಾಕಲು ಜಾಗದವರಿಂದ ಹಣ ಕೇಳುವ ಪದ್ಧತಿಯೇ ಇಲ್ಲ ಎಂದು ಟ್ರಾಯ್ ಮತ್ತು ದೂರಸಂಪರ್ಕ ಇಲಾಖೆ ಮತ್ತೆ ಮತ್ತೆ ಹೇಳಿವೆ. ನೆಟ್‌ವರ್ಕಿಗಾಗಿ ಹಾತೊರೆಯುವ ಊರಿನಲ್ಲಿ ಇಂಥ ಗಾಳಕ್ಕೆ ಬೀಳುವುದು ಸುಲಭ. ಊರಿಗೂ ಒಳ್ಳೆಯದಾಗುತ್ತದೆ, ನಮಗೂ ನಾಲ್ಕು ಕಾಸು ಎಂದು ನಂಬಿ ದುಡ್ಡು ಕಳಕೊಳ್ಳುವವರನ್ನು ನೆನೆದರೆ ಸಂಕಟವಾಗುತ್ತದೆ.

ಬೆಲೆಯ ವಿಚಾರದಲ್ಲಿ ಹೊರದೇಶದ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ಟವರ್ ಬಂದ ಮೇಲೆ ಕೆಲವು ಬಡಾವಣೆಗಳಲ್ಲಿ ಮನೆ ಬೆಲೆ ಶೇ 20ರಷ್ಟು ಇಳಿದಿತ್ತು ಎಂದು ಸ್ಯಾಂಡಿ ಬಾಂಡ್ ಎಂಬ ಸಂಶೋಧಕಿ ಕಂಡುಕೊಂಡರು. ಅವರೇ ಮುಂದೆ ಅಮೆರಿಕದ ಫ್ಲಾರಿಡಾದಲ್ಲಿ ನೋಡಿದಾಗ ಇಳಿಕೆ ಶೇ 2ರ ಆಸುಪಾಸು. ಬೆಲೆ ಇಳಿಸುವುದು ಜನರ ಮನಸ್ಸಿನ ಅಳುಕು. ನಿಟ್ಟೂರು, ನಾಗೋಡಿ, ಸಂಪೆಕಟ್ಟೆ ಕಡೆ ಕೊಡಚಾದ್ರಿಗೆ ಬರುವವರನ್ನು ನಂಬಿ ಹೋಂಸ್ಟೇ ನಡೆಸುವವರಿಗೆ, ಮನೆಯಿಂದಲೇ ಕಂಪನಿ ಕೆಲಸ ಮಾಡುವವರಿಗೆ ನೆಟ್‌ವರ್ಕ್ ಇಲ್ಲದ ಮನೆಯೇ ಬೆಲೆ ಕಳೆದುಕೊಂಡ ಮನೆ. ಟವರ್ ಕಣ್ಣಿಗೆ ಕಾಣುವ, ಆದರೆ ಧರೆಗೂ ಜನರೇಟರಿಗೂ ದೂರವಾದ, ಇನ್ನೂರು ಮುನ್ನೂರು ಮೀಟರ್ ಆಚೆಯ ಮನೆ ಸಿಕ್ಕರೆ ನಾನಂತೂ ಚೌಕಾಸಿ ಮಾಡದೆ ಕೊಳ್ಳುತ್ತೇನೆ.

ಒಂದು ಎಚ್ಚರಿಕೆ ಮಾತ್ರ ಉಳಿಯುತ್ತದೆ. ಮನೆ ನೋಡಲು ಎಲ್ಲರೂ ಬರುವುದು ಜನವರಿ, ಫೆಬ್ರುವರಿಯಲ್ಲಿ, ಆಕಾಶ ತಿಳಿಯಾಗಿರುವಾಗ. ಆಗ ಫೋನಿನಲ್ಲಿ ನಾಲ್ಕೂ ಗೆರೆ. ಜುಲೈಯಲ್ಲಿ ಕರೆಂಟು ಹೋಗಿ, ಬ್ಯಾಟರಿ ಮುಗಿದು, ಡೀಸೆಲ್ ಹಾಕುವವರಿಲ್ಲದೆ ಅದೇ ಟವರ್ ಮೂಕವಾಗುವುದು ಮಲೆನಾಡಿನ ಹಳೆಯ ದೂರು. ಜನರಿಗೆ ನೆಟ್‌ವರ್ಕ್ ಅತ್ಯಂತ ಬೇಕಾಗುವುದೂ ಅದೇ ದಿನಗಳಲ್ಲಿ: ರಸ್ತೆಗೆ ಮರ ಬಿದ್ದಾಗ, ಹಳ್ಳ ಉಕ್ಕಿದಾಗ, ಬಾಣಂತಿಯನ್ನು ಹೊಸನಗರಕ್ಕೆ ಸಾಗಿಸಬೇಕಾದಾಗ. ಆದ್ದರಿಂದ ಮಳೆಗಾಲದಲ್ಲಿ ಒಮ್ಮೆ, ಸಾಧ್ಯವಾದರೆ ಕರೆಂಟಿಲ್ಲದ ದಿನವೇ ಹೋಗಿ ನೋಡಿ. ಟವರಿನ ಬ್ಯಾಟರಿ ಎಷ್ಟು ತಾಸು ಬರುತ್ತದೆ, ಜನರೇಟರ್ ಇದೆಯೇ, ಅದಕ್ಕೆ ಡೀಸೆಲ್ ತರುವವರು ಯಾರು ಎಂದು ಅಕ್ಕಪಕ್ಕದವರನ್ನು ಕೇಳಿ. ಊರಿನಲ್ಲಿ ನೆಲೆಸಿದ ಮೇಲೆ ಗ್ರಾಮಸಭೆಯಲ್ಲಿ ಇದೇ ಪ್ರಶ್ನೆಯನ್ನು ಎತ್ತಿ, ನಡಾವಳಿಯಲ್ಲಿ ಬರೆಸಿ, ಟವರ್ ನಡೆಸುವವರಿಗೆ ಪಂಚಾಯಿತಿಯಿಂದ ಪತ್ರ ಹಾಕಿಸಿ. ಮೇ ತಿಂಗಳ ಸಭೆಯಲ್ಲೇ ಅದು ಆದರೆ ಮಳೆ ಹಿಡಿಯುವ ಮೊದಲು ಬ್ಯಾಟರಿ ಬದಲಿಸಲು ಅವರಿಗೆ ಸಮಯ ಸಿಗುತ್ತದೆ.